ಲೆಕ್ಕಪುಸ್ತಕಕ್ಕೆ ಸಿಗದ ಸೆಂಟರ್: ಬಿಲ್ ರಸೆಲ್ ಪ್ರಕರಣ

ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ 1961-62ರ ಸೀಸನ್ ಮುಗಿದಾಗ ಎರಡು ಮತದಾನ ನಡೆದವು. ಒಂದರಲ್ಲಿ ಮತ ಹಾಕಿದವರು ಪತ್ರಕರ್ತರು ಮತ್ತು ಕಾಮೆಂಟರಿ ಹೇಳುವವರು. ಆ ವರ್ಷದ ಅತ್ಯುತ್ತಮ ಐವರ ತಂಡವನ್ನು ಅವರು ಆರಿಸಬೇಕಿತ್ತು. ಸೆಂಟರ್ ಜಾಗಕ್ಕೆ, ಅಂದರೆ ಬುಟ್ಟಿಯ ಹತ್ತಿರ ಆಡುವ ಎತ್ತರದ ಆಟಗಾರನ ಜಾಗಕ್ಕೆ, ವಿಲ್ಟ್ ಚೇಂಬರ್ಲಿನ್ ಬಂದರು. ಬರಲೇಬೇಕಿತ್ತು ಬಿಡಿ. ಆ ವರ್ಷ ವಿಲ್ಟ್ ಪಂದ್ಯಕ್ಕೆ ಸರಾಸರಿ 50.4 ಪಾಯಿಂಟ್ ಗಳಿಸಿದ್ದರು. ಮಾರ್ಚ್ 2ರಂದು ನ್ಯೂಯಾರ್ಕ್ ನಿಕ್ಸ್ ವಿರುದ್ಧ ಒಂದೇ ಪಂದ್ಯದಲ್ಲಿ 100 ಪಾಯಿಂಟ್ ಹೊಡೆದಿದ್ದರು. ಈ ಎರಡೂ ದಾಖಲೆಗಳನ್ನು ಇವತ್ತಿಗೂ ಯಾರೂ ಮುಟ್ಟಿಲ್ಲ.

ಇನ್ನೊಂದು ಮತದಾನ ಎಂವಿಪಿಗೆ, ಅಂದರೆ ಸೀಸನ್ನಿನ ಅತ್ಯಂತ ಬೆಲೆಬಾಳುವ ಆಟಗಾರ ಯಾರು ಎಂಬುದಕ್ಕೆ. ಆ ಕಾಲದಲ್ಲಿ ಅದಕ್ಕೆ ಮತ ಹಾಕುತ್ತಿದ್ದವರು ಆಟಗಾರರೇ. ಅವರು ಆರಿಸಿದ್ದು ಸರಾಸರಿ 18.9 ಪಾಯಿಂಟ್ ಗಳಿಸಿದ್ದ ಬೋಸ್ಟನ್ ಸೆಲ್ಟಿಕ್ಸ್‌ನ ಬಿಲ್ ರಸೆಲ್ ಅವರನ್ನು. ಪತ್ರಕರ್ತರ ಪಟ್ಟಿಯಲ್ಲಿ ಇದೇ ರಸೆಲ್ ಎರಡನೇ ತಂಡದಲ್ಲಿ, ಅಂದರೆ ನಂತರದ ಐವರಲ್ಲಿ, ಇದ್ದರು.

ಇದು ಒಂದೇ ಸಲ ಆದ ಎಡವಟ್ಟಲ್ಲ. ರಸೆಲ್‌ಗೆ ಒಟ್ಟು 5 ಎಂವಿಪಿ ಬಂದವು: 1958, 1961, 1962, 1963, 1965. ಇವುಗಳಲ್ಲಿ ಮೊದಲ ಮೂರು ವರ್ಷವೂ ಪತ್ರಕರ್ತರು ಅವರನ್ನು ಎರಡನೇ ತಂಡಕ್ಕೆ ಹಾಕಿದ್ದರು. ಹೊರಗಿಂದ ನೋಡುವವರಿಗೆ ಎರಡನೆಯವರು, ಎದುರಿಗೆ ನಿಂತು ಆಡುವವರಿಗೆ ಮೊದಲನೆಯವರು. ಈ ವ್ಯತ್ಯಾಸ ಎಲ್ಲಿಂದ ಬಂತು? ನನ್ನ ಉತ್ತರ ಇಷ್ಟು: ರಸೆಲ್ ಅತಿ ಚೆನ್ನಾಗಿ ಮಾಡುತ್ತಿದ್ದ ಕೆಲಸವನ್ನು ಆಗ ಯಾರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಅದರ ಫಲ ಮಾತ್ರ ಎಲ್ಲರ ಕಣ್ಣಿಗೂ ಬೀಳುತ್ತಿತ್ತು. 13 ಸೀಸನ್, 11 ಚಾಂಪಿಯನ್‌ಶಿಪ್.

ಬೋಸ್ಟನ್ ಮೊದಲು ಹೇಗಿತ್ತು

ರಸೆಲ್ ಬರುವ ಮೊದಲು ಸೆಲ್ಟಿಕ್ಸ್ ಕೆಟ್ಟ ತಂಡವೇನೂ ಆಗಿರಲಿಲ್ಲ. ಬಾಬ್ ಕೂಸಿಯಂಥ ಪಾಸ್ ಕೊಡುವವರು ಇಡೀ ಲೀಗ್‌ನಲ್ಲೇ ಇರಲಿಲ್ಲ. ದೂರದಿಂದ ಗುರಿಯಿಟ್ಟು ಹೊಡೆಯಲು ಬಿಲ್ ಶಾರ್ಮನ್ ಇದ್ದರು. ಸೆಂಟರ್ ಜಾಗದಲ್ಲಿ ಎಡ್ ಮಕಾಲಿ. ಕೋಚ್ ರೆಡ್ ಅವರ್‌ಬ್ಯಾಕ್. 1954-55ರಲ್ಲಿ ಪಂದ್ಯಕ್ಕೆ ಸರಾಸರಿ 100 ದಾಟಿದ ಮೊದಲ ಎನ್‌ಬಿಎ ತಂಡ ಇದೇ. ಆದರೆ ಅದೇ ವರ್ಷ ಎದುರಾಳಿಗಳಿಗೂ ಅಷ್ಟೇ ಪಾಯಿಂಟ್ ಬಿಟ್ಟುಕೊಟ್ಟರು. 36 ಗೆಲುವು, 36 ಸೋಲು. 1954, 1955, 1956, ಸತತ ಮೂರು ವರ್ಷ ಪ್ಲೇಆಫ್‌ನಲ್ಲಿ, ಅಂದರೆ ಸೀಸನ್ ಕೊನೆಯ ನಾಕೌಟ್ ಸುತ್ತುಗಳಲ್ಲಿ, ಸಿರಾಕ್ಯೂಸ್ ತಂಡ ಅವರನ್ನು ಮನೆಗೆ ಕಳಿಸಿತು. ಒಂದು ಸಲವೂ ಫೈನಲ್ ಮೆಟ್ಟಿಲು ಹತ್ತಿರಲಿಲ್ಲ.

ಅವರ್‌ಬ್ಯಾಕ್‌ಗೆ ರೋಗ ಗೊತ್ತಿತ್ತು. ಬುಟ್ಟಿಯ ಕೆಳಗೆ ನಿಂತು ಎದುರಾಳಿಯ ಶಾಟ್ ತಡೆಯುವವರು ಬೇಕು. ತಪ್ಪಿದ ಚೆಂಡನ್ನು ಹಿಡಿದು, ಅಂದರೆ ರಿಬೌಂಡ್ ಮಾಡಿ, ತಕ್ಷಣ ಕೂಸಿಯ ಕೈಗೆ ಕೊಡುವವರು ಬೇಕು. ಓಡುವ ತಂಡ ಸಿದ್ಧವಿತ್ತು, ಚೆಂಡು ತಂದುಕೊಡುವವರಿರಲಿಲ್ಲ.

ಕಾಲೇಜು ಮುಗಿಸಿದ ಆಟಗಾರರನ್ನು ತಂಡಗಳು ಸರದಿಯಲ್ಲಿ ಆರಿಸಿಕೊಳ್ಳುವುದಕ್ಕೆ ಡ್ರಾಫ್ಟ್ ಅನ್ನುತ್ತಾರೆ. 1956ರ ಡ್ರಾಫ್ಟ್‌ನಲ್ಲಿ ಮೊದಲ ಆಯ್ಕೆ ರಾಚೆಸ್ಟರ್ ತಂಡದ್ದು. ಅವರ ಬಳಿ ಆಗಲೇ ಮೊರಿಸ್ ಸ್ಟೋಕ್ಸ್ ಎಂಬ ಗಟ್ಟಿ ರಿಬೌಂಡರ್ ಇದ್ದರು. ಹಾಗಾಗಿ ಸಿ ಗ್ರೀನ್ ಎಂಬ ಗಾರ್ಡ್ ಅನ್ನು ತೆಗೆದುಕೊಂಡರು. ಎರಡನೇ ಆಯ್ಕೆ ಸೇಂಟ್ ಲೂಯಿಸ್ ಹಾಕ್ಸ್ ಕೈಯಲ್ಲಿತ್ತು. ಅದರ ಬದಲಿಗೆ ಅವರ್‌ಬ್ಯಾಕ್ ಮಕಾಲಿಯನ್ನೂ ಕ್ಲಿಫ್ ಹೇಗನ್ ಎಂಬ ಹೊಸ ಹುಡುಗನನ್ನೂ ಕೊಟ್ಟರು. ಮಕಾಲಿ ಸೇಂಟ್ ಲೂಯಿಸ್‌ನವರೇ. ಮಗನ ಆರೋಗ್ಯ ಕೆಟ್ಟಿತ್ತು, ಊರಿಗೆ ಹೋಗುವುದು ಅವರಿಗೂ ಬೇಕಿತ್ತು. ಈ ವ್ಯವಹಾರದಲ್ಲಿ ಹಾಕ್ಸ್ ಪೂರ್ತಿ ಮೋಸ ಹೋದರು ಅಂತ ಈಗ ಎಲ್ಲರೂ ಸುಲಭವಾಗಿ ಹೇಳುತ್ತಾರೆ. ಅದು ನ್ಯಾಯವಲ್ಲ. ಹೇಗನ್ ಮತ್ತು ಮಕಾಲಿ ಇಬ್ಬರೂ ಮುಂದೆ ಬ್ಯಾಸ್ಕೆಟ್‌ಬಾಲ್ ದಿಗ್ಗಜರ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್ ಸೇರಿದರು. ಎರಡೇ ವರ್ಷದಲ್ಲಿ ಹಾಕ್ಸ್‌ಗೆ ಒಂದು ಚಾಂಪಿಯನ್‌ಶಿಪ್ ಕೂಡ ಸಿಕ್ಕಿತು. ಬೋಸ್ಟನ್‌ಗೆ ಹನ್ನೊಂದು ಸಿಕ್ಕಿದ್ದರಿಂದ ಆ ಒಂದು ಮರೆತುಹೋಗಿದೆ, ಅಷ್ಟೆ.

ಹದಿನೈದು ಜೆರ್ಸಿ, ಹದಿನಾರು ಹುಡುಗರು

ರಸೆಲ್ ಹುಟ್ಟಿದ್ದು 1934ರ ಫೆಬ್ರುವರಿ 12ರಂದು, ಲೂಸಿಯಾನಾ ರಾಜ್ಯದ ಮನ್ರೋದಲ್ಲಿ. ಕಪ್ಪು ಜನರಿಗೆ ಅಲ್ಲಿ ದಿನದಿನವೂ ಅವಮಾನ. ತಾಯಿ ಒಳ್ಳೆಯ ಬಟ್ಟೆ ತೊಟ್ಟು ಪೇಟೆಗೆ ಹೋದರೆ, ಇದು ಬಿಳಿ ಹೆಂಗಸರ ಬಟ್ಟೆ, ಮನೆಗೆ ಹೋಗಿ ಬಿಚ್ಚು ಅಂತ ಪೊಲೀಸಿನವನು ಗದರಿಸಿ ಕಳಿಸಿದ್ದ. ರಸೆಲ್‌ಗೆ ಎಂಟು ವರ್ಷವಿದ್ದಾಗ ಕುಟುಂಬ ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್‌ಗೆ ಹೋಯಿತು. ಹನ್ನೆರಡನೇ ವಯಸ್ಸಿಗೆ ತಾಯಿ ತೀರಿಕೊಂಡರು.

ಮೆಕ್ಲಿಮಂಡ್ಸ್ ಹೈಸ್ಕೂಲಿನಲ್ಲಿ ಅವರ ಆಟ ನೋಡಿದ ಯಾರೂ ಈ ಹುಡುಗ ಮುಂದೆ ಬರುತ್ತಾನೆ ಅಂದುಕೊಂಡಿರಲಿಲ್ಲ. ಕೋಚ್ ಜಾರ್ಜ್ ಪೋಲ್ಸ್ ಮಾತ್ರ ಕಿರಿಯರ ತಂಡದಲ್ಲಿ ಅವರನ್ನು ಉಳಿಸಿಕೊಂಡರು. ಹದಿನೈದು ಜೆರ್ಸಿ, ಹದಿನಾರು ಹುಡುಗರು. ಕೊನೆಯ ಜೆರ್ಸಿಯನ್ನು ರಸೆಲ್ ಇನ್ನೊಬ್ಬನ ಜೊತೆ ಸರದಿಯಲ್ಲಿ ತೊಡುತ್ತಿದ್ದರು. ಹೈಸ್ಕೂಲು ಮುಗಿದಾಗ ಓದು-ಆಟಕ್ಕೆ ವಿದ್ಯಾರ್ಥಿವೇತನ ಕೊಡಲು ಬಂದದ್ದು ಒಂದೇ ಒಂದು ಕಾಲೇಜು, ಯೂನಿವರ್ಸಿಟಿ ಆಫ್ ಸ್ಯಾನ್ ಫ್ರಾನ್ಸಿಸ್ಕೊ. ಅದಕ್ಕೆ ಸ್ವಂತ ಜಿಮ್ ಕೂಡ ಇರಲಿಲ್ಲ.

ಅಲ್ಲಿ ರೂಮ್‌ಮೇಟ್ ಆಗಿ ಸಿಕ್ಕವರು ಕೆ. ಸಿ. ಜೋನ್ಸ್. ಇಬ್ಬರೂ ರಾತ್ರಿಯೆಲ್ಲ ಆಟದ ಬಗ್ಗೆ ಮಾತಾಡುತ್ತಿದ್ದರು. ಚೆಂಡು ಯಾವ ಕೋನದಲ್ಲಿ ಹೋದರೆ ಎಲ್ಲಿ ಬಡಿದು ಎಲ್ಲಿಗೆ ಬರುತ್ತದೆ, ಎದುರಾಳಿಯನ್ನು ಯಾವ ಕಡೆಗೆ ದೂಡಿದರೆ ಅವನ ಕೈ ಕಟ್ಟಿಹೋಗುತ್ತದೆ, ಹೀಗೆ. ಆಗಿನ ಕೋಚ್‌ಗಳು ಡಿಫೆನ್ಸ್ ಬಗ್ಗೆ ಕಲಿಸುತ್ತಿದ್ದ ಮೊದಲ ಪಾಠ, ಕಾಲು ನೆಲ ಬಿಡಬಾರದು ಅನ್ನುವುದು. ಹಾರಿದವನು ಮೋಸ ಹೋದ ಅಂತ ನಂಬಿಕೆ. ರಸೆಲ್ ಹಾರುತ್ತಿದ್ದರು. ಅವರು ಹೈಜಂಪ್‌ನಲ್ಲೂ ದೊಡ್ಡ ಮಟ್ಟದ ಸ್ಪರ್ಧಿ. 208 ಸೆಂಟಿಮೀಟರ್ ಎತ್ತರ, ಉದ್ದ ತೋಳು, ಎಡಗೈ ಆಟಗಾರ. ಹೆಚ್ಚಿನವರು ಬಲಗೈಯಲ್ಲಿ ಶಾಟ್ ಹೊಡೆಯುತ್ತಾರಲ್ಲ, ಎದುರಿಗೆ ನಿಂತಾಗ ಇವರ ಎಡಗೈ ಸರಿಯಾಗಿ ಅಲ್ಲಿಗೇ ಏಳುತ್ತಿತ್ತು.

ಸ್ಯಾನ್ ಫ್ರಾನ್ಸಿಸ್ಕೊ 1955 ಮತ್ತು 1956ರಲ್ಲಿ ಎನ್‌ಸಿಎಎ, ಅಂದರೆ ಕಾಲೇಜು ತಂಡಗಳ ರಾಷ್ಟ್ರೀಯ ಟೂರ್ನಿಯ, ಚಾಂಪಿಯನ್ ಆಯಿತು. ನಿಯಮ ಮಾಡುವವರು ಬುಟ್ಟಿ ಕೆಳಗಿನ ಲೇನ್ ಅನ್ನು 6 ಅಡಿಯಿಂದ 12 ಅಡಿಗೆ ಅಗಲ ಮಾಡಿದರು, ದೊಡ್ಡ ಆಟಗಾರರು ಬುಟ್ಟಿ ಪಕ್ಕದಲ್ಲೇ ಬೀಡುಬಿಡದಿರಲಿ ಅಂತ. ಅದರಿಂದ ರಸೆಲ್‌ಗೆ ಅನುಕೂಲವೇ ಆಯಿತು. ಜಾಗ ದೊಡ್ಡದಾದಷ್ಟು ನಿಧಾನದ ದೈತ್ಯರಿಗೆ ಕಷ್ಟ, ಓಡಬಲ್ಲ ಸೆಂಟರ್‌ಗೆ ಸಲೀಸು.

ಆಮೇಲೆ 1956ರ ಕೊನೆಯಲ್ಲಿ ಮೆಲ್ಬರ್ನ್ ಒಲಿಂಪಿಕ್ಸ್. ಫೈನಲ್‌ನಲ್ಲಿ ಸೋವಿಯತ್ ತಂಡದ ವಿರುದ್ಧ 89-55. ಚಿನ್ನದ ಪದಕ ತೆಗೆದುಕೊಂಡು ಡಿಸೆಂಬರ್ 22ಕ್ಕೆ ಬೋಸ್ಟನ್ ಪರವಾಗಿ ಮೊದಲ ಪಂದ್ಯ ಆಡಿದರು.

ಕೆಲಸ ನಡೆಯುತ್ತಿದ್ದ ರೀತಿ

ಇಲ್ಲಿ ಒಂದು ಅಂಕಿ ಹೇಳಲೇಬೇಕು, ಯಾಕೆಂದರೆ ಅದು ನನ್ನ ವಾದಕ್ಕೆ ಅಡ್ಡ ಬರುತ್ತದೆ. ರಸೆಲ್ ಬರುವ ಹೊತ್ತಿಗೆ ಆ ಸೀಸನ್ನಿನಲ್ಲಿ ಸೆಲ್ಟಿಕ್ಸ್ 16 ಗೆದ್ದು 8 ಸೋತಿತ್ತು. ರಸೆಲ್ ಆಡಿದ 48 ಪಂದ್ಯಗಳಲ್ಲಿ 28 ಗೆದ್ದು 20 ಸೋತಿತು. ಅಂದರೆ ಅವರು ಬಂದ ಮೇಲೆ ಗೆಲುವಿನ ಪ್ರಮಾಣ ಕಡಿಮೆಯೇ ಆಯಿತು! ಸುಮ್ನೆ ಈ ಸಾಲು ಓದಿದವರು, ಇವರಿಂದ ಏನು ಉಪಕಾರ ಆಯಿತು ಅಂತ ಕೇಳಬಹುದು. ಹೊಸ ಆಟಗಾರನನ್ನು ನಡುವೆ ಕೂರಿಸಿಕೊಂಡು ತಂಡ ತನ್ನ ಆಟವನ್ನೇ ಬದಲಿಸಿಕೊಳ್ಳುತ್ತಿತ್ತು ಅಂತ ನಾನು ಓದಿಕೊಳ್ಳುತ್ತೇನೆ. ಏಪ್ರಿಲ್‌ನಲ್ಲಿ ಉತ್ತರ ಬಂತು. ಫೈನಲ್ ಅಂದರೆ ಏಳು ಪಂದ್ಯಗಳ ಸರಣಿ, ಮೊದಲು ನಾಲ್ಕು ಗೆದ್ದವರು ಚಾಂಪಿಯನ್. ಹಾಕ್ಸ್ ವಿರುದ್ಧ ಫೈನಲ್‌ನ ಏಳನೇ ಪಂದ್ಯ ಎರಡು ಓವರ್‌ಟೈಮ್‌ಗೆ (ಹೆಚ್ಚುವರಿ ಅವಧಿಗೆ) ಹೋಗಿ 125-123ಕ್ಕೆ ಮುಗಿಯಿತು. ಅದೇ ವರ್ಷ ಸೇರಿದ್ದ ಟಾಮ್ ಹೈನ್ಸನ್ 37 ಪಾಯಿಂಟ್ ಹೊಡೆದರು. ರಸೆಲ್‌ದು 19 ಪಾಯಿಂಟ್, 32 ರಿಬೌಂಡ್. ಬೋಸ್ಟನ್‌ಗೆ ಮೊದಲ ಚಾಂಪಿಯನ್‌ಶಿಪ್.

ಹಾಗಾದರೆ ರಸೆಲ್ ಕೋರ್ಟಿನಲ್ಲಿ ಮಾಡುತ್ತಿದ್ದದ್ದು ಏನು? ಮೂರು ವಿಷಯ ಬೇರೆ ಬೇರೆ ಮಾಡಿ ನೋಡಬೇಕು.

ಮೊದಲನೆಯದು ಬ್ಲಾಕ್. ಎದುರಾಳಿಯ ಶಾಟ್ ತಡೆದು ಚೆಂಡನ್ನು ಗ್ಯಾಲರಿಗೆ ಬಡಿದರೆ ಜನ ಕೂಗುತ್ತಾರೆ. ಆದರೆ ಚೆಂಡು ಹೊರಗೆ ಹೋದರೆ ಮತ್ತೆ ಎದುರಾಳಿಗೇ ಸಿಗುತ್ತದೆ, ಅಲ್ವಾ? ರಸೆಲ್ ಬಡಿಯುತ್ತಿರಲಿಲ್ಲ. ಮೆಲ್ಲಗೆ ತಟ್ಟಿ ಚೆಂಡು ಕೋರ್ಟಿನೊಳಗೇ, ಆದಷ್ಟೂ ತಮ್ಮವರ ಕಡೆಗೇ ಬೀಳುವಂತೆ ಮಾಡುತ್ತಿದ್ದರು. ಅಲ್ಲಿಂದ ಕೂಸಿಗೆ ಒಂದು ಪಾಸ್. ಎದುರಾಳಿ ತಿರುಗುವಷ್ಟರಲ್ಲಿ ಸೆಲ್ಟಿಕ್ಸ್ ಆ ಕಡೆ ಬುಟ್ಟಿಗೆ ಹಾಕಿಯಾಗಿರುತ್ತಿತ್ತು. ಒಂದು ಬ್ಲಾಕ್ ಅಂದರೆ ಎರಡು ಪಾಯಿಂಟ್ ಉಳಿಸಿ ಎರಡು ಪಾಯಿಂಟ್ ಗಳಿಸಿದ ಹಾಗೆ. ಲೆಕ್ಕಪುಸ್ತಕದಲ್ಲಿ ಆ ಎರಡು ಪಾಯಿಂಟ್ ಕೊನೆಯಲ್ಲಿ ಲೇಅಪ್, ಅಂದರೆ ಬುಟ್ಟಿಯ ಹತ್ತಿರಕ್ಕೇ ಹೋಗಿ ಹಾಕುವ ಶಾಟ್, ಹಾಕಿದವರ ಹೆಸರಿಗೆ ಹೋಗುತ್ತಿತ್ತು.

ಎರಡನೆಯದು ಬೇರೆಯವರ ತಪ್ಪಿಗೆ ಹೊಣೆ ಹೊರುವುದು. ಆ ಕಾಲದ ಸೆಂಟರ್ ಎದುರಾಳಿ ಸೆಂಟರ್ ಅನ್ನು ನೋಡಿಕೊಂಡರೆ ಸಾಕಿತ್ತು. ರಸೆಲ್ ಎಲ್ಲರನ್ನೂ ನೋಡಿಕೊಳ್ಳುತ್ತಿದ್ದರು. ಬೋಸ್ಟನ್ ಆಟಗಾರರಲ್ಲಿ ಯಾರನ್ನಾದರೂ ಎದುರಾಳಿ ದಾಟಿ ಹೋದರೆ ಅವರು "ಹೇ ಬಿಲ್!" ಅಂತ ಕೂಗುತ್ತಿದ್ದರು. ರಸೆಲ್ ತಾವು ಕಾಯುತ್ತಿದ್ದ ಎದುರಾಳಿಯನ್ನು ಬಿಟ್ಟು ಅಲ್ಲಿಗೆ ಬರುತ್ತಿದ್ದರು. ಹಿಂದೆ ರಸೆಲ್ ಇದ್ದಾರೆ ಎಂಬ ಧೈರ್ಯದಿಂದ ಮುಂದಿನ ನಾಲ್ವರು ಎದುರಾಳಿಯ ಮೈಮೇಲೇ ಹೋಗಿ ಚೆಂಡು ಕಸಿಯಲು ನೋಡುತ್ತಿದ್ದರು. ಕಸಿದರೆ ಲಾಭ, ತಪ್ಪಿದರೆ ರಸೆಲ್ ಇದ್ದೇ ಇದ್ದಾರೆ.

ಮೂರನೆಯದು ಭಯ. ನನಗೆ ಅತಿ ಮುಖ್ಯ ಅನ್ನಿಸುವುದು ಇದೇ. ಕ್ರಿಕೆಟ್‌ನಲ್ಲಿ ಪಾಯಿಂಟ್‌ನಲ್ಲಿ ಜಡೇಜ ನಿಂತಿದ್ದರೆ ಬ್ಯಾಟರ್ ಒಂದು ರನ್ನಿಗೆ ಓಡುವುದೇ ಇಲ್ಲ. ಆ ಓಡದ ರನ್ ಯಾವ ಸ್ಕೋರ್‌ಬೋರ್ಡಿನಲ್ಲೂ ಬರುವುದಿಲ್ಲ. ರಸೆಲ್ ವಿಷಯವೂ ಅಷ್ಟೆ. ಒಂದು ಪಂದ್ಯದಲ್ಲಿ ನಾಲ್ಕೈದು ಶಾಟ್ ತಡೆದರೆ ಸಾಕು, ಎದುರಾಳಿ ಉಳಿದ ಹೊತ್ತೆಲ್ಲ ತಲೆ ಎತ್ತಿ ಅವರನ್ನೇ ಹುಡುಕುತ್ತಿದ್ದ. ಸುಲಭದ ಲೇಅಪ್ ಬಿಟ್ಟು ದೂರದಿಂದ ಹೊಡೆಯುತ್ತಿದ್ದ, ಇಲ್ಲಾ ಅರ್ಧದಲ್ಲಿ ಪಾಸ್ ಕೊಡುತ್ತಿದ್ದ. ಹೊಡೆಯದ ಶಾಟ್‌ಗೆ ಲೆಕ್ಕ ಎಲ್ಲಿಂದ ತರುವುದು?

ಅವರ್‌ಬ್ಯಾಕ್ ಇದನ್ನು ಮೊದಲೇ ಅರ್ಥ ಮಾಡಿಕೊಂಡಿದ್ದರು. ಸಂಬಳದ ಮಾತುಕತೆಯಲ್ಲಿ ಪಾಯಿಂಟ್ ಲೆಕ್ಕವನ್ನು ಯಾವತ್ತೂ ಎತ್ತುವುದಿಲ್ಲ ಅಂತ ರಸೆಲ್‌ಗೆ ಮಾತು ಕೊಟ್ಟಿದ್ದರು. ಕೋಚ್ ಆದವರು ಕೊಡಬಹುದಾದ ಮಾತುಗಳಲ್ಲಿ ಇದಕ್ಕಿಂತ ದೊಡ್ಡದು ನನಗೆ ಕಾಣುವುದಿಲ್ಲ. ಅಂಕಿಗಾಗಿ ಆಡಬೇಡ, ನೀನು ಏನು ಮಾಡುತ್ತಿದ್ದೀಯ ಅಂತ ನನಗೆ ಗೊತ್ತು ಎಂಬ ಭರವಸೆ ಅದು.

ಎನ್‌ಬಿಎ ಬ್ಲಾಕ್‌ಗಳನ್ನು ಅಧಿಕೃತವಾಗಿ ಎಣಿಸಲು ಶುರು ಮಾಡಿದ್ದು 1973-74ರಲ್ಲಿ. ರಸೆಲ್ ಆಡುವುದು ಬಿಟ್ಟು ಆಗ ನಾಲ್ಕು ವರ್ಷ ದಾಟಿತ್ತು. ಡಿಫೆನ್ಸ್‌ಗಾಗಿ ಪ್ರತ್ಯೇಕ ತಂಡ ಆರಿಸುವ ಪದ್ಧತಿ ಬಂದದ್ದು 1968-69ರಲ್ಲಿ, ಅವರ ಕೊನೆಯ ಸೀಸನ್ನಿನಲ್ಲಿ. ಅದರ ಮೊದಲ ತಂಡದಲ್ಲಿ ಅವರಿದ್ದರು. ಎಣಿಸಿದ್ದು ರಿಬೌಂಡ್ ಮಾತ್ರ: 963 ಪಂದ್ಯಗಳಲ್ಲಿ 21,620. ಸರಾಸರಿ 22.5. ಇದನ್ನೂ ಹುಷಾರಾಗಿ ಓದಬೇಕು. ಆ ಕಾಲದಲ್ಲಿ ಆಟದ ವೇಗ ಜಾಸ್ತಿ, ಶಾಟ್ ಜಾಸ್ತಿ, ತಪ್ಪುವುದೂ ಜಾಸ್ತಿ. ಹತ್ತರಲ್ಲಿ ಆರು ಶಾಟ್ ಬುಟ್ಟಿಗೆ ಬೀಳುತ್ತಿರಲಿಲ್ಲ. ಹಾಗಾಗಿ ಈಗಿನವರ 12-13 ರಿಬೌಂಡ್ ಜೊತೆ ನೇರವಾಗಿ ಹೋಲಿಸುವುದು ಸರಿಯಲ್ಲ. ಆದರೆ ಅದೇ ಕಾಲದಲ್ಲಿ ಆಡಿದವರ ನಡುವೆ ರಸೆಲ್ ಪಕ್ಕ ನಿಲ್ಲಬಲ್ಲವರು ಒಬ್ಬರೇ ಇದ್ದರು.

ವಿಲ್ಟ್ ಎದುರಿಗೆ

ವಿಲ್ಟ್ ಚೇಂಬರ್ಲಿನ್ 1959ರಲ್ಲಿ ಲೀಗ್‌ಗೆ ಬಂದರು. ರಸೆಲ್‌ಗಿಂತ ಎತ್ತರ, ರಸೆಲ್‌ಗಿಂತ ಬಲ. ಹತ್ತು ವರ್ಷದಲ್ಲಿ ಇಬ್ಬರೂ 140ಕ್ಕೂ ಹೆಚ್ಚು ಸಲ ಎದುರಾದರು. ಆ ಪಂದ್ಯಗಳಲ್ಲಿ ಪಾಯಿಂಟ್‌ನಲ್ಲೂ ರಿಬೌಂಡ್‌ನಲ್ಲೂ ವಿಲ್ಟ್‌ದೇ ಮೇಲುಗೈ. ಗೆಲುವಿನಲ್ಲಿ ಮಾತ್ರ ರಸೆಲ್‌ದು.

ಇಲ್ಲಿ ಜನ ಎರಡು ಪಂಗಡ ಆಗುತ್ತಾರೆ. ವಿಲ್ಟ್ ಸ್ವಾರ್ಥಿ, ರಸೆಲ್ ತ್ಯಾಗಿ ಅಂತ ಒಂದು ಪಂಗಡ. ರಸೆಲ್‌ಗೆ ಒಳ್ಳೆ ಜೊತೆಗಾರರಿದ್ದರು, ಅದಕ್ಕೇ ಗೆದ್ದರು ಅಂತ ಇನ್ನೊಂದು. ಎರಡನೆಯದರಲ್ಲಿ ಸತ್ಯವಿದೆ. ಕೂಸಿ, ಶಾರ್ಮನ್, ಹೈನ್ಸನ್, ಸ್ಯಾಮ್ ಜೋನ್ಸ್, ಕೆ. ಸಿ. ಜೋನ್ಸ್, ಜಾನ್ ಹಾವ್ಲಿಚೆಕ್, ಎಲ್ಲರೂ ಹಾಲ್ ಆಫ್ ಫೇಮ್ ಆಟಗಾರರು. ಆದರೆ ಶಾರ್ಮನ್ 1961ರಲ್ಲಿ ಬಿಟ್ಟರು, ಕೂಸಿ 1963ರಲ್ಲಿ, ಹೈನ್ಸನ್ 1965ರಲ್ಲಿ, ಅವರ್‌ಬ್ಯಾಕ್ ಬೆಂಚಿನಿಂದ ಎದ್ದದ್ದು 1966ರಲ್ಲಿ. ಗೆಲುವು ನಿಲ್ಲಲಿಲ್ಲ. 1957ರ ಮೊದಲ ಗೆಲುವಿನಲ್ಲೂ 1969ರ ಕೊನೆಯ ಗೆಲುವಿನಲ್ಲೂ ಕೋರ್ಟಿನಲ್ಲಿದ್ದವರು ಒಬ್ಬರೇ. ವಿಲ್ಟ್ ಸ್ವಾರ್ಥಿ ಅನ್ನುವ ಮಾತು ನನಗೆ ಒಪ್ಪಿಗೆಯಿಲ್ಲ. ಅವರ ಕೋಚ್‌ಗಳು ಕೇಳಿದ್ದು ಪಾಯಿಂಟ್. ಬೇರೆ ಥರ ಆಡು ಅಂತ ಕೇಳಿದಾಗ, 1967ರಲ್ಲಿ, ಅವರ ಫಿಲಡೆಲ್ಫಿಯಾ ತಂಡ ರಸೆಲ್ ತಂಡವನ್ನು 4-1ಕ್ಕೆ ಮುರಿದು ಚಾಂಪಿಯನ್ ಆಯಿತು.

1962ಕ್ಕೆ ವಾಪಸ್ ಬರೋಣ. ಆ ವರ್ಷ ಪೂರ್ವ ವಿಭಾಗದ ಫೈನಲ್‌ನಲ್ಲಿ ಬೋಸ್ಟನ್ ಮತ್ತು ವಿಲ್ಟ್ ಅವರ ವಾರಿಯರ್ಸ್ ಏಳನೇ ಪಂದ್ಯದವರೆಗೂ ಹೋದರು. ಪಂದ್ಯಕ್ಕೆ 50 ಹೊಡೆಯುತ್ತಿದ್ದ ವಿಲ್ಟ್ ಆ ದಿನ 22ಕ್ಕೆ ನಿಂತರು. ಬೋಸ್ಟನ್ 109-107. ಆಮೇಲೆ ಲೇಕರ್ಸ್ ವಿರುದ್ಧ ಫೈನಲ್, ಅದೂ ಏಳನೇ ಪಂದ್ಯಕ್ಕೆ. ಸ್ಕೋರ್ 100-100 ಇದ್ದಾಗ ಕೊನೆ ಗಳಿಗೆಯಲ್ಲಿ ಲೇಕರ್ಸ್‌ನ ಫ್ರಾಂಕ್ ಸೆಲ್ವಿಗೆ ತೆರೆದ ಶಾಟ್ ಸಿಕ್ಕಿತು. ರಿಂಗಿಗೆ ಬಡಿದು ಆಚೆ ಬಂತು. ಹಿಡಿದದ್ದು ರಸೆಲ್. ಓವರ್‌ಟೈಮ್‌ನಲ್ಲಿ ಬೋಸ್ಟನ್ 110-107ಕ್ಕೆ ಗೆದ್ದಿತು. ರಸೆಲ್ 30 ಪಾಯಿಂಟ್, 40 ರಿಬೌಂಡ್. ಪಾಯಿಂಟ್ ಬೇಕಾದಾಗ ಪಾಯಿಂಟ್ ಕೂಡ ಬಂತು ನೋಡಿ. ಇಡೀ ವೃತ್ತಿಜೀವನದಲ್ಲಿ ಹತ್ತು ಸಲ ಏಳನೇ ಪಂದ್ಯ ಆಡಿದರು, ಹತ್ತೂ ಗೆದ್ದರು.

ಅವರಿಲ್ಲದಾಗ

ಒಬ್ಬರ ಕೊಡುಗೆ ಅಳೆಯಲು ನೇರ ಲೆಕ್ಕವಿಲ್ಲದಿದ್ದರೆ ಅವರಿಲ್ಲದ ದಿನಗಳನ್ನು ನೋಡಬೇಕು. ರಸೆಲ್ ವಿಷಯದಲ್ಲಿ ಅಂಥ ಎರಡು ಸಂದರ್ಭ ಇವೆ.

1958ರ ಫೈನಲ್. ಮತ್ತೆ ಹಾಕ್ಸ್. ಮೂರನೇ ಪಂದ್ಯದಲ್ಲಿ ರಸೆಲ್ ಕಾಲಿನ ಗಿಣ್ಣಿಗೆ ಪೆಟ್ಟಾಯಿತು. ಅವರಿಲ್ಲದೆ ಬೋಸ್ಟನ್ ಒಂದು ಪಂದ್ಯ ಗೆದ್ದಿತು, ಆದರೆ ಸರಣಿ 4-2ಕ್ಕೆ ಕೈತಪ್ಪಿತು. ಆರನೇ ಪಂದ್ಯದಲ್ಲಿ ರಸೆಲ್ ಕುಂಟುತ್ತಲೇ ಸ್ವಲ್ಪ ಹೊತ್ತು ಆಡಿದರು. ಹಾಕ್ಸ್‌ನ ಬಾಬ್ ಪೆಟಿಟ್ 50 ಪಾಯಿಂಟ್ ಹೊಡೆದರು. 110-109. ಹಾಕ್ಸ್ ಗೆದ್ದ ನಾಲ್ಕು ಪಂದ್ಯಗಳ ಅಂತರ ಒಟ್ಟು ಸೇರಿಸಿದರೂ 8 ಪಾಯಿಂಟ್ ಅಷ್ಟೆ. ರಸೆಲ್ ಆಡಿದ 13 ವರ್ಷದಲ್ಲಿ ಬೋಸ್ಟನ್‌ಗೆ ಚಾಂಪಿಯನ್‌ಶಿಪ್ ತಪ್ಪಿದ್ದು ಎರಡೇ ಸಲ, ಅದರಲ್ಲಿ ಒಂದು ಇದು.

ಇನ್ನೊಂದು, ಅವರು ನಿವೃತ್ತಿಯಾದ ಮರುವರ್ಷ. 1968-69ರಲ್ಲಿ 48 ಗೆದ್ದು 34 ಸೋತಿದ್ದ ತಂಡ, 1969-70ರಲ್ಲಿ ಸರಿಯಾಗಿ ತಿರುಗಿಬಿತ್ತು: 34 ಗೆಲುವು, 48 ಸೋಲು. ಪ್ಲೇಆಫ್‌ಗೂ ಹೋಗಲಿಲ್ಲ. ಸ್ಯಾಮ್ ಜೋನ್ಸ್ ಕೂಡ ಅದೇ ವರ್ಷ ನಿವೃತ್ತರಾಗಿದ್ದರು, ಹಾಗಾಗಿ ಪೂರ್ತಿ ವ್ಯತ್ಯಾಸ ರಸೆಲ್ ಲೆಕ್ಕಕ್ಕೆ ಹಾಕುವಂತಿಲ್ಲ. ಆದರೆ ಹಾವ್ಲಿಚೆಕ್ ಅಲ್ಲೇ ಇದ್ದರು, ಅವರ ಆಟದ ಉತ್ತುಂಗದಲ್ಲಿದ್ದರು.

ಊರು ಕೊಟ್ಟದ್ದು

ರಸೆಲ್ ಬಗ್ಗೆ ಬರೆಯುವಾಗ ಆಟದ ಭಾಗವನ್ನಷ್ಟೇ ಬರೆದು ಮುಗಿಸುವುದು ಅವರಿಗೆ ಮಾಡುವ ಅನ್ಯಾಯ. ಹೀಗೆ ಗೆದ್ದುಕೊಟ್ಟ ಊರಿನಲ್ಲಿ ಅವರಿಗೆ ಸಿಕ್ಕ ಮರ್ಯಾದೆ ಎಂಥದ್ದು? ಬೋಸ್ಟನ್ ಗಾರ್ಡನ್‌ನಲ್ಲಿ 13,909 ಸೀಟುಗಳಿದ್ದವು. ಚಾಂಪಿಯನ್ ತಂಡದ ಪಂದ್ಯಕ್ಕೆ ಎಷ್ಟೋ ಸಲ ಅದು ತುಂಬುತ್ತಿರಲಿಲ್ಲ. ಅದೇ ಜಾಗದಲ್ಲಿ ಐಸ್ ಹಾಕಿ ತಂಡ ಬ್ರೂಯಿನ್ಸ್ ಆಡಿದರೆ ಜನ ಕಿಕ್ಕಿರಿಯುತ್ತಿದ್ದರು. ರಸೆಲ್ ಕುಟುಂಬ ಇದ್ದದ್ದು ಬೋಸ್ಟನ್ ಹತ್ತಿರದ ರೆಡಿಂಗ್ ಎಂಬ ಊರಿನಲ್ಲಿ. 1963ರಲ್ಲಿ ಆ ಊರು ಅವರ ಹೆಸರಲ್ಲಿ ಒಂದು ದಿನ ಆಚರಿಸಿತು. ಅದೇ ಊರಿನಲ್ಲಿ ಅವರು ಇನ್ನೊಂದು ಮನೆ ಕೊಳ್ಳಲು ಹೊರಟಾಗ ಅಲ್ಲಿನ ಕೆಲವರು ಅರ್ಜಿಗೆ ಸಹಿ ಹಾಕಿ ತಡೆಯಲು ನೋಡಿದರು. ಒಮ್ಮೆ ಮನೆಯವರೆಲ್ಲ ಹೊರಗೆ ಹೋಗಿದ್ದಾಗ ಯಾರೋ ಒಳಗೆ ನುಗ್ಗಿ, ಗೋಡೆಗಳ ಮೇಲೆ ಜನಾಂಗದ ಬೈಗುಳ ಬರೆದು, ಟ್ರೋಫಿಗಳನ್ನು ಒಡೆದು, ಹಾಸಿಗೆಯ ಮೇಲೆ ಮಲ ಮಾಡಿ ಹೋಗಿದ್ದರು.

ರಸೆಲ್ ಇದನ್ನು ನುಂಗಿಕೊಂಡು ನಗುತ್ತಾ ಕೂರುವ ಮನುಷ್ಯ ಆಗಿರಲಿಲ್ಲ. 1961ರಲ್ಲಿ ಕೆಂಟಕಿಯ ಲೆಕ್ಸಿಂಗ್ಟನ್‌ನಲ್ಲಿ ಒಂದು ಪ್ರದರ್ಶನ ಪಂದ್ಯವಿತ್ತು. ಸ್ಯಾಮ್ ಜೋನ್ಸ್ ಮತ್ತು ಟಾಮ್ ಸ್ಯಾಂಡರ್ಸ್ ಅವರಿಗೆ ಹೋಟೆಲಿನ ಕಾಫಿ ಶಾಪ್‌ನಲ್ಲಿ ಊಟ ಕೊಡಲಿಲ್ಲ. ರಸೆಲ್ ಮತ್ತು ಉಳಿದ ಕಪ್ಪು ಆಟಗಾರರು ಪಂದ್ಯ ಆಡದೆ ವಿಮಾನ ಹತ್ತಿದರು. 1963ರಲ್ಲಿ ಮಿಸಿಸಿಪ್ಪಿಯಲ್ಲಿ ಕಪ್ಪು ಜನರ ಹಕ್ಕಿಗಾಗಿ ಹೋರಾಡುತ್ತಿದ್ದ ಮೆಡ್ಗರ್ ಎವರ್ಸ್ ಕೊಲೆಯಾದ ಮೇಲೆ ರಸೆಲ್ ಅಲ್ಲಿನ ಜ್ಯಾಕ್ಸನ್‌ಗೆ ಹೋಗಿ ಕಪ್ಪು, ಬಿಳಿ ಮಕ್ಕಳನ್ನು ಒಟ್ಟಿಗೆ ಸೇರಿಸಿ ಬ್ಯಾಸ್ಕೆಟ್‌ಬಾಲ್ ಶಿಬಿರ ನಡೆಸಿದರು. ಆಗ ಅದು ಜೀವಕ್ಕೇ ಅಪಾಯದ ಕೆಲಸ. 1967ರಲ್ಲಿ ವಿಯೆಟ್ನಾಂ ಯುದ್ಧಕ್ಕೆ ಸೇರಲು ಒಪ್ಪದ ಮುಹಮ್ಮದ್ ಅಲಿ ಪರವಾಗಿ ಕ್ಲೀವ್‌ಲ್ಯಾಂಡ್‌ನಲ್ಲಿ ಸೇರಿದ ಆಟಗಾರರಲ್ಲಿ ರಸೆಲ್ ಕೂಡ ಇದ್ದರು.

ತಂಡದ ಆಡಳಿತ ಮಾತ್ರ ಊರಿಗಿಂತ ಮುಂದಿತ್ತು ಅನ್ನಬೇಕು. 1964ರ ಡಿಸೆಂಬರ್‌ನಲ್ಲಿ ಎನ್‌ಬಿಎ ಚರಿತ್ರೆಯಲ್ಲೇ ಮೊದಲ ಸಲ ಐದೂ ಕಪ್ಪು ಆಟಗಾರರನ್ನು ಆರಂಭದಿಂದ ಆಡಿಸಿದ್ದು ಅವರ್‌ಬ್ಯಾಕ್. 1966ರ ಫೈನಲ್ ನಡೆಯುತ್ತಿರುವಾಗಲೇ ತಮ್ಮ ನಂತರದ ಕೋಚ್ ರಸೆಲ್ ಅಂತ ಘೋಷಿಸಿದ್ದೂ ಅವರೇ. ಅಮೆರಿಕದ ದೊಡ್ಡ ವೃತ್ತಿಪರ ಲೀಗ್‌ಗಳಲ್ಲಿ ಆ ಕಾಲಕ್ಕೆ ಬೇರೆ ಕಪ್ಪು ಮುಖ್ಯ ಕೋಚ್ ಯಾರೂ ಇರಲಿಲ್ಲ. ಎನ್‌ಬಿಎಯಲ್ಲಂತೂ ಇವರೇ ಮೊದಲಿಗರು. ಬಿಳಿ ಆಟಗಾರರ ಜೊತೆ ಪಕ್ಷಪಾತ ಮಾಡದೆ ಇರಬಲ್ಲಿರಾ ಅಂತ ಸುದ್ದಿಗೋಷ್ಠಿಯಲ್ಲಿ ಕೇಳಿದರು. ಹಿಂದಿನ ಯಾವ ಕೋಚ್‌ಗಾದರೂ ಇದರ ತಿರುಗುಮುರುಗು ಪ್ರಶ್ನೆ ಕೇಳಿದ್ದರೇ?

ಕೊನೆಯ ಸೀಸನ್

1969. ರಸೆಲ್‌ಗೆ 35 ವರ್ಷ. ಆಟಗಾರನೂ ಅವರೇ, ಕೋಚೂ ಅವರೇ. ತಂಡ ಪೂರ್ವ ವಿಭಾಗದಲ್ಲಿ ನಾಲ್ಕನೇ ಸ್ಥಾನದಲ್ಲಿತ್ತು. ಫೈನಲ್‌ನಲ್ಲಿ ಎದುರಿಗೆ ಲೇಕರ್ಸ್: ಜೆರ್ರಿ ವೆಸ್ಟ್, ಎಲ್ಜಿನ್ ಬೇಲರ್, ಈಗ ವಿಲ್ಟ್ ಕೂಡ ಅವರ ಕಡೆ. ಏಳನೇ ಪಂದ್ಯ ಮೇ 5ರಂದು ಲಾಸ್ ಏಂಜಲೀಸ್‌ನಲ್ಲಿ. ಗೆದ್ದಾಗ ಬಿಡಲು ಲೇಕರ್ಸ್ ಮಾಲೀಕರು ಛಾವಣಿಗೆ ಬಲೂನು ಕಟ್ಟಿಸಿದ್ದರು.

ಕೊನೆಯ ಭಾಗದಲ್ಲಿ ವಿಲ್ಟ್ ಮಂಡಿಗೆ ಪೆಟ್ಟಾಗಿ ಬೆಂಚಿಗೆ ಹೋದರು. ಮತ್ತೆ ಆಡುತ್ತೇನೆ ಅಂದರೂ ಲೇಕರ್ಸ್ ಕೋಚ್ ಒಳಗೆ ಬಿಡಲಿಲ್ಲ. ಡಾನ್ ನೆಲ್ಸನ್ ಹೊಡೆದ ಒಂದು ಶಾಟ್ ರಿಂಗಿಗೆ ಬಡಿದು ಎತ್ತರಕ್ಕೆ ಎದ್ದು ನೇರ ಬುಟ್ಟಿಯೊಳಗೆ ಬಿತ್ತು. 108-106, ಬೋಸ್ಟನ್. ರಸೆಲ್ 48 ನಿಮಿಷವೂ ಕೋರ್ಟಿನಲ್ಲಿದ್ದರು. ಗಳಿಸಿದ್ದು 6 ಪಾಯಿಂಟ್, 21 ರಿಬೌಂಡ್. ಫೈನಲ್‌ನ ಶ್ರೇಷ್ಠ ಆಟಗಾರ ಪ್ರಶಸ್ತಿ ಶುರುವಾದದ್ದು ಆ ವರ್ಷವೇ. ಅದು ಸೋತ ತಂಡದ ಜೆರ್ರಿ ವೆಸ್ಟ್‌ಗೆ ಹೋಯಿತು. ವೆಸ್ಟ್ ಅದ್ಭುತವಾಗಿ ಆಡಿದ್ದರು, ಏಳನೇ ಪಂದ್ಯದಲ್ಲಿ 42 ಪಾಯಿಂಟ್ ಹೊಡೆದಿದ್ದರು, ಅದರಲ್ಲಿ ತಕರಾರಿಲ್ಲ. ಹನ್ನೊಂದು ಸಲ ಫೈನಲ್ ಗೆದ್ದ ರಸೆಲ್‌ಗೆ ಆ ಪ್ರಶಸ್ತಿ ಒಂದು ಸಲವೂ ಬರಲಿಲ್ಲ. 2009ರಲ್ಲಿ ಎನ್‌ಬಿಎ ಆ ಪ್ರಶಸ್ತಿಗೇ ಬಿಲ್ ರಸೆಲ್ ಹೆಸರಿಟ್ಟಿತು.

ಆ ಪಂದ್ಯದಿಂದ ಒಂದು ಸ್ನೇಹವೂ ಕೆಟ್ಟಿತು. ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ವಿಲ್ಟ್ ಮನೆಯಲ್ಲಿ ಊಟ ಮಾಡುತ್ತಿದ್ದ ರಸೆಲ್, ಆಮೇಲೆ ವಿಲ್ಟ್ ಕೊನೆಯಲ್ಲಿ ಬೆಂಚಿಗೆ ಹೋದದ್ದನ್ನು ಬಹಿರಂಗವಾಗಿ ಟೀಕಿಸಿದರು. ಎರಡು ದಶಕ ಮಾತಿಲ್ಲ. ಕೊನೆಗೆ ರಸೆಲ್ ಕ್ಷಮೆ ಕೇಳಿದರು, ಸ್ನೇಹ ಮರಳಿತು. ವಿಲ್ಟ್ 1999ರಲ್ಲಿ ತೀರಿಕೊಂಡರು.

ಆಮೇಲೆ

ಕೋಚ್ ಆಗಿ ಸಿಯಾಟಲ್‌ನಲ್ಲಿ ನಾಲ್ಕು ವರ್ಷ ಪರವಾಗಿಲ್ಲ ಅನ್ನುವಂತೆ ಇತ್ತು, ಸ್ಯಾಕ್ರಮೆಂಟೊದಲ್ಲಿ ಚೆನ್ನಾಗಿರಲಿಲ್ಲ. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗೌರವಗಳ ವಿಷಯದಲ್ಲಿ ಅವರು ನಡೆದುಕೊಂಡ ರೀತಿ ಮಾತ್ರ ಹೇಳಬೇಕು. 1972ರಲ್ಲಿ ಸೆಲ್ಟಿಕ್ಸ್ ಅವರ 6ನೇ ನಂಬರ್ ಜೆರ್ಸಿಯನ್ನು ಛಾವಣಿಗೆ ಏರಿಸಿದಾಗ, ಪ್ರೇಕ್ಷಕರು ಒಳಗೆ ಬರುವ ಮುಂಚೆ, ಜೊತೆಗಾರರ ಮುಂದೆ ಮಾತ್ರ ಆಗಬೇಕು ಅಂದರು. 1975ರಲ್ಲಿ ಹಾಲ್ ಆಫ್ ಫೇಮ್ ಅವರನ್ನು ಆರಿಸಿದಾಗ ಹೋಗಲಿಲ್ಲ. ತನಗಿಂತ ಮೊದಲು ಬರಬೇಕಾದ ಕಪ್ಪು ಆಟಗಾರರು ಹೊರಗಿದ್ದಾರೆ ಎಂಬುದು ಅವರ ಕಾರಣ. 1950ರಲ್ಲಿ ಎನ್‌ಬಿಎ ಡ್ರಾಫ್ಟ್‌ನಲ್ಲಿ ಆಯ್ಕೆಯಾದ ಮೊದಲ ಕಪ್ಪು ಆಟಗಾರ ಚಕ್ ಕೂಪರ್ ಅವರನ್ನು 2019ರಲ್ಲಿ ಹಾಲ್ ಆಫ್ ಫೇಮ್ ಸೇರಿಸಿಕೊಂಡಿತು. ಆಗ, 44 ವರ್ಷದ ನಂತರ, ರಸೆಲ್ ಹಾಲ್ ಆಫ್ ಫೇಮ್ ಸದಸ್ಯರಿಗೆ ಕೊಡುವ ಉಂಗುರ ತೆಗೆದುಕೊಂಡರು.

ಪತ್ರಕರ್ತರ ಅಭಿಪ್ರಾಯವೂ ಬದಲಾಯಿತು. 1980ರಲ್ಲಿ ಬ್ಯಾಸ್ಕೆಟ್‌ಬಾಲ್ ಬರಹಗಾರರ ಸಂಘ ರಸೆಲ್ ಅವರನ್ನು ಎನ್‌ಬಿಎ ಚರಿತ್ರೆಯ ಅತ್ಯಂತ ಶ್ರೇಷ್ಠ ಆಟಗಾರ ಅಂತ ಆರಿಸಿತು. 1962ರಲ್ಲಿ ಆಟಗಾರರಿಗೆ ಕಂಡದ್ದು ಬರೆಯುವವರಿಗೆ ಕಾಣಲು ಹದಿನೆಂಟು ವರ್ಷ ಬೇಕಾಯಿತು. 2011ರಲ್ಲಿ ಅಧ್ಯಕ್ಷ ಬರಾಕ್ ಒಬಾಮ ಪ್ರೆಸಿಡೆನ್ಶಿಯಲ್ ಮೆಡಲ್ ಆಫ್ ಫ್ರೀಡಂ ಕೊಟ್ಟರು. 2017ರಲ್ಲಿ ಅಮೆರಿಕನ್ ಫುಟ್‌ಬಾಲ್ ಆಟಗಾರರು ರಾಷ್ಟ್ರಗೀತೆಯ ಹೊತ್ತಿಗೆ ಮಂಡಿಯೂರಿ ಪ್ರತಿಭಟಿಸುತ್ತಿದ್ದಾಗ, 83ರ ರಸೆಲ್ ಅದೇ ಪದಕ ಕೊರಳಿಗೆ ಹಾಕಿಕೊಂಡು ತಾವೂ ಮಂಡಿಯೂರಿದ ಫೋಟೋ ಹಾಕಿದರು. 2022ರ ಜುಲೈ 31ರಂದು, 88ನೇ ವಯಸ್ಸಿನಲ್ಲಿ ತೀರಿಕೊಂಡರು. ಮುಂದಿನ ತಿಂಗಳು ಎನ್‌ಬಿಎ 6ನೇ ನಂಬರನ್ನು ಎಲ್ಲ ತಂಡಗಳಿಂದಲೂ ನಿವೃತ್ತಿಗೊಳಿಸಿತು. ಅದಕ್ಕೆ ಮೊದಲು ಯಾರಿಗೂ ಹಾಗೆ ಮಾಡಿರಲಿಲ್ಲ.

2013-14ರಿಂದ ಎನ್‌ಬಿಎಯ ಎಲ್ಲ ಕ್ರೀಡಾಂಗಣಗಳಲ್ಲೂ ಪ್ರತಿ ಆಟಗಾರನ ಚಲನೆಯನ್ನು ಹಿಡಿಯುವ ಕ್ಯಾಮೆರಾಗಳು ಬಂದಿವೆ. ಸೆಂಟರ್ ಹತ್ತಿರ ಇದ್ದಾಗ ಎದುರಾಳಿ ಎಷ್ಟು ಶಾಟ್ ತಪ್ಪಿಸುತ್ತಾನೆ, ಬುಟ್ಟಿ ಹತ್ತಿರ ಬರುವುದನ್ನೇ ಎಷ್ಟು ಕಡಿಮೆ ಮಾಡುತ್ತಾನೆ ಅಂತ ಈಗ ಎಣಿಸಬಹುದು. ರೂಡಿ ಗೋಬೇರ್ ಥರದ ಸೆಂಟರ್‌ಗಳ ಬೆಲೆ ಗೊತ್ತಾಗುವುದು ಬಹುಪಾಲು ಇಂಥ ಎಣಿಕೆಯಿಂದಲೇ. ರಸೆಲ್ ಪಂದ್ಯಗಳ ಫಿಲ್ಮ್ ಉಳಿದಿರುವುದೇ ಕಡಿಮೆ. ಹಾಗಾಗಿ ಸಾರ್ವಕಾಲಿಕ ಶ್ರೇಷ್ಠ ಸೆಂಟರ್ ಪಟ್ಟಿ ಮಾಡುವವರು ಅವರ 15.1 ಪಾಯಿಂಟ್ ಸರಾಸರಿ ನೋಡಿ ನಾಲ್ಕನೆಯದೋ ಐದನೆಯದೋ ಜಾಗ ಕೊಟ್ಟುಬಿಡುತ್ತಾರೆ. ಆ ಪಟ್ಟಿ ಮಾಡುವ ಮುಂಚೆ, ಅವರ ಎದುರಿಗೆ ನಿಂತು ಆಡಿದವರು ಐದು ಸಲ ಹಾಕಿದ ಮತವನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಬೇಕು ಅಂತ ನಾನು ಕೇಳುತ್ತೇನೆ.